ಎದುರಾಳಿಯ ಗುಣಗ್ರಹಣ

ಪ್ರಜಾಪ್ರಭುತ್ವದಲ್ಲಿ ಪಕ್ಷಗಳು ಅನಿವಾರ್ಯ. ಒಂದು ಅಭಿಪ್ರಾಯದ ಜನರು ಒಂದೆಡೆ ಕೂಡಿದಾಗ ಪಕ್ಷವೊಂದು ಹುಟ್ಟುತ್ತದೆ. ಅದನ್ನೊಪ್ಪದವರು ಇನ್ನೊಂದೆಡೆ ಕೂಡಿದಾಗ ಎದುರುಪಕ್ಷವೊಂದು ತಲೆಯೆತ್ತುತ್ತದೆ. ತನ್ನ ಪಕ್ಷದಲ್ಲಿ ನಿಷ್ಠೆ, ಎದುರುಪಕ್ಷದಲ್ಲಿ ಅವಿಶ್ವಾಸ, ಇವೆರಡೂ ಪಕ್ಷಾಭಿಮಾನಿಯ ಸಹಜ ಲಕ್ಷಣಗಳು. ಆದರೂ ಅದೇ ಪಕ್ಷಾಭಿಮಾನಿಯು ಒಮ್ಮೊಮ್ಮೆ ಎದುರುಪಕ್ಷದ ನಾಯಕನೊಬ್ಬನನ್ನು ಮನಸಾರೆ ಮೆಚ್ಚಿಕೊಳ್ಳುವುದುಂಟು. ಮನುಷ್ಯಸ್ವಭಾವದ ವೈಚಿತ್ರ್ಯಗಳಲ್ಲಿ ಇದೂ ಒಂದು.

ಬೆಂಗಳೂರಿನ ಹೊರವಲಯದಲ್ಲಿರುವ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಈ ವೈಚಿತ್ರ್ಯವು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ನಾಡಿನ ಹಲವು ಜಿಲ್ಲೆಗಳಿಂದ ಬಂದ ಕಾರ್ಮಿಕರು ಅಲ್ಲಿ ಒಂದೇ ಸೂರಿನಡಿಯಲ್ಲಿ ಲೇತ್ ಯಂತ್ರ ನಡೆಸುತ್ತಾರೆ, ಅಚ್ಚು ಎರೆಯುತ್ತಾರೆ, ಬೆಸುಗೆ ಹಾಕುತ್ತಾರೆ. ಚುನಾವಣೆಯ ಕಾಲದಲ್ಲಿ ಪಾಳಿ ಮುಗಿಸಿ ಚಹಾದಂಗಡಿಯ ಮುಂದೆ ನಿಂತವರ ಮಾತುಗಳು ಬಿಸಿಯೇರುತ್ತವೆ. ಆ ಬಿಸಿಯ ನಡುವೆಯೇ ಒಬ್ಬನ ಬಾಯಿಂದ, "ನನ್ನ ಓಟು ಅವರಿಗಿಲ್ಲ, ಆದರೂ ಮನುಷ್ಯ ದೊಡ್ಡವರು" ಎಂಬ ಮಾತು ಹೊರಬೀಳುತ್ತದೆ. ಸುತ್ತಲಿದ್ದವರು ಅದನ್ನು ಕೇಳಿ ನಗುವುದಿಲ್ಲ. ಆ ಮಾತಿಗೊಂದು ತೂಕವುಂಟೆಂದು ಅವರಿಗೂ ಗೊತ್ತು.

ಈ ತೂಕ ಎಲ್ಲಿಂದ ಬಂತು? 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯೇ ಇದಕ್ಕೆ ಉತ್ತರ. ತನ್ನ ಪಕ್ಷದ ನಾಯಕನನ್ನು ಹೊಗಳುವವನ ಹೊಗಳಿಕೆಯಲ್ಲಿ ಸ್ವಾರ್ಥವೆಷ್ಟು, ಸತ್ಯವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಎದುರಾಳಿಯನ್ನು ಹೊಗಳುವವನಿಗೆ ಅದರಿಂದ ಲಾಭವಿಲ್ಲ, ನಷ್ಟವಾದರೂ ಆದೀತು. ಆದುದರಿಂದ ಎದುರಾಳಿಯ ಬಾಯಿಂದ ಬಂದ ಮೆಚ್ಚುಗೆಯು ಒರೆಗಲ್ಲಿನ ಮೇಲೆ ಉಜ್ಜಿದ ಚಿನ್ನದಂತೆ ಬೆಲೆಯುಳ್ಳದ್ದು.

ಆದರೆ ಹೊಳೆಯುವುದೆಲ್ಲ ಚಿನ್ನವಲ್ಲ. ಎದುರುಪಕ್ಷದ ನಾಯಕನು ತನ್ನ ಪಕ್ಷವನ್ನೇ ಟೀಕಿಸಿದಾಗ ಅವನನ್ನು ಹೊಗಳುವವರು ಬಹಳ. ಅಲ್ಲಿ ಹೊಗಳಿಕೆಗೆ ಪಾತ್ರನಾದವನು ಆ ನಾಯಕನಲ್ಲ. ಅವನ ಬಾಯಿಂದ ಹೊರಟ ತಮ್ಮದೇ ಅಭಿಪ್ರಾಯ. ಅದು ಕನ್ನಡಿಯಲ್ಲಿ ಕಂಡ ತನ್ನ ಮುಖಕ್ಕೆ ತಾನೇ ಮರುಳಾದಂತೆ. ಇನ್ನು ಕೆಲವರು ಎದುರಾಳಿ ಗತಿಸಿದ ಮೇಲೆ, ಅವನಿಂದ ಯಾವ ಸ್ಪರ್ಧೆಯೂ ಇಲ್ಲವೆಂದು ಖಚಿತವಾದ ಮೇಲೆ, ಅವನ ಗುಣಗಳನ್ನು ಕೊಂಡಾಡುತ್ತಾರೆ. ಈ ಎರಡೂ ಬಗೆಯ ಮೆಚ್ಚುಗೆ ಅಗ್ಗದವು. ಎದುರಾಳಿಯು ಬದುಕಿದ್ದು, ಬಲವಾಗಿದ್ದು, ತನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿಯೇ ನಿಂತಿರುವಾಗ ಅವನ ಧೈರ್ಯವನ್ನೋ ಪ್ರಾಮಾಣಿಕತೆಯನ್ನೋ ಕಂಡು ತಲೆದೂಗುವುದೇ ನಿಜವಾದ ಗುಣಗ್ರಹಣ.

ಕನ್ನಡ ಸಾಹಿತ್ಯಕ್ಕೆ ಈ ಗುಣ ಹೊಸದಲ್ಲ. ಪಂಪನು ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿ 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದನು. ಕಥಾನಾಯಕನು ಅರ್ಜುನನಾದರೂ ಅವನ ಎದುರಾಳಿಯಾದ ಕರ್ಣನ ತ್ಯಾಗವನ್ನೂ ನನ್ನಿಯನ್ನೂ ಹಾಡುವಾಗ ಕವಿಯ ಕಂಠ ಸಂಕೋಚಪಡಲಿಲ್ಲ. ರನ್ನನ 'ಗದಾಯುದ್ಧ'ದಲ್ಲಿ ಶವಗಳಿಂದ ತುಂಬಿದ ರಣರಂಗದಲ್ಲಿ ನಡೆದುಹೋಗುವ ದುರ್ಯೋಧನನು ಶತ್ರುಕುಮಾರನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಪರಾಕ್ರಮವನ್ನು ಕೊಂಡಾಡುತ್ತಾನೆ. ಹಾಗೆ ಕೊಂಡಾಡಿದ ಮಾತ್ರಕ್ಕೆ ಅವನು ಪಾಂಡವರ ಪಕ್ಷವನ್ನು ಸೇರಲಿಲ್ಲ. ಅವನ ವ್ಯಕ್ತಿತ್ವ ಮಾತ್ರ ಆ ಗಳಿಗೆಯಲ್ಲಿ ಹಿರಿದಾಯಿತು.

ಆಧುನಿಕ ಕಾಲದ ರಾಜಕೀಯದಲ್ಲಿಯೂ ಎದುರಾಳಿಗಳು ಒಬ್ಬರನ್ನೊಬ್ಬರು ಮೆಚ್ಚುವ ಸಂದರ್ಭಗಳು ಹೆಚ್ಚಾಗಿ ಒದಗುವುದು ಯುದ್ಧಕಾಲದಲ್ಲಿಯೇ. ದೇಶಕ್ಕೆ ಆಪತ್ತು ಬಂದಾಗ ಪಕ್ಷಗಳ ನಡುವಣ ಗೋಡೆಗಳು ತಾವಾಗಿಯೇ ತಗ್ಗುತ್ತವೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ಬೆಂಗಳೂರು ಗಡಿಯಿಂದ ಬಹುದೂರದಲ್ಲಿದ್ದರೂ ಯುದ್ಧದಿಂದ ದೂರವಿರಲಿಲ್ಲ. ವೈಟ್‌ಫೀಲ್ಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ನ್ಯಾಟ್ ಮತ್ತು ಮಾರುತ್ ವಿಮಾನಗಳು ಆ ಯುದ್ಧದಲ್ಲಿ ಹೋರಾಡಿದವು. ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸೈನ್ಯಕ್ಕೆ ಬೇಕಾದ ಸಂಪರ್ಕ ಸಾಧನಗಳನ್ನು ಒದಗಿಸುತ್ತಿತ್ತು. ವಿಮಾನದ ರೆಕ್ಕೆಗೆ ಮೊಳೆ ಹೊಡೆಯುವ ಕೈ ಯಾವ ಪಕ್ಷಕ್ಕೆ ಮತ ನೀಡಿತೆಂದು ಆಗ ಕೇಳುವವರಿರಲಿಲ್ಲ.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸುಮಾರು 93,000 ಮಂದಿ ಸೆರೆಸಿಕ್ಕರು. ಪ್ರಧಾನಿ ಇಂದಿರಾ ಗಾಂಧಿಯವರ ನೇತೃತ್ವವನ್ನು ವಿರೋಧಪಕ್ಷದವರೂ ಪ್ರಶಂಸಿಸಿದರು. ಜನಸಂಘದ ನಾಯಕ ಅಟಲ್ ಬಿಹಾರಿ ವಾಜಪೇಯಿಯವರು ಅವರನ್ನು ದುರ್ಗೆಯೆಂದು ಕರೆದರೆಂಬ ಸುದ್ದಿ ದೇಶದ ತುಂಬ ಹಬ್ಬಿತು. ಆ ಮಾತನ್ನು ತಾವು ಆಡಲಿಲ್ಲವೆಂದು ವಾಜಪೇಯಿಯವರೇ ಮುಂದೆ ಸ್ಪಷ್ಟಪಡಿಸಿದರು. ಆದರೂ ಸುದ್ದಿ ಅಳಿಯಲಿಲ್ಲ. ಎದುರಾಳಿಯೇ ಮೆಚ್ಚಿದನೆಂಬ ಕಥೆಯಲ್ಲಿ ಜನರಿಗೆ ಅಷ್ಟೊಂದು ಆಸೆ.

ಈ ಆಸೆಯಲ್ಲಿ ಒಂದು ಅಪಾಯವೂ ಅಡಗಿದೆ. ಯುದ್ಧಕಾಲದ ಮೆಚ್ಚುಗೆ ಬಹುಬೇಗ ಆರಾಧನೆಯಾಗಿ ಮಾರ್ಪಡುತ್ತದೆ. ಗೆದ್ದ ನಾಯಕನು ಮಾಡಿದ್ದೆಲ್ಲವೂ ಸರಿ, ಅವನನ್ನು ಪ್ರಶ್ನಿಸುವವನು ದೇಶದ್ರೋಹಿ ಎಂಬ ಭಾವನೆ ಬೆಳೆಯುತ್ತದೆ. ಒಂದು ಕಾರ್ಯವನ್ನು ಮೆಚ್ಚುವುದು ಬೇರೆ, ವಿವೇಕವನ್ನು ಒಪ್ಪಿಸಿಬಿಡುವುದು ಬೇರೆ. ಈ ವ್ಯತ್ಯಾಸವನ್ನು 1975ನೆಯ ವರ್ಷವು ಬೆಂಗಳೂರಿಗೆ ಚೆನ್ನಾಗಿ ಕಲಿಸಿತು.

ಆ ವರ್ಷದ ಏಪ್ರಿಲ್ 19ರಂದು ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಸೋವಿಯತ್ ನೆಲದಿಂದ ಆಕಾಶಕ್ಕೇರಿತು. ಉಡುಪಿ ಕಡೆಯವರಾದ ವಿಜ್ಞಾನಿ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಅದನ್ನು ನಿರ್ಮಿಸಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದಕ್ಕೆ ಬೆಂಬಲವಿತ್ತ ಸರ್ಕಾರವನ್ನು ಯಾವ ಪಕ್ಷದವನಾದರೂ ಅಭಿನಂದಿಸಬಹುದಾಗಿತ್ತು. ಎರಡೇ ತಿಂಗಳಲ್ಲಿ, ಜೂನ್ 25ರ ರಾತ್ರಿ, ಅದೇ ಸರ್ಕಾರ ದೇಶದ ಮೇಲೆ ತುರ್ತುಪರಿಸ್ಥಿತಿಯನ್ನು ಹೇರಿತು. ಆ ಸಮಯಕ್ಕೆ ಪಕ್ಷಾಂತರ ನಿಷೇಧದ ವಿಧೇಯಕವನ್ನು ಪರಿಶೀಲಿಸುವ ಸಂಸದೀಯ ಸಮಿತಿಯ ಸಭೆಗಾಗಿ ವಿರೋಧಪಕ್ಷಗಳ ಹಲವು ನಾಯಕರು ಬೆಂಗಳೂರಿಗೆ ಬಂದಿದ್ದರು. ಮರುದಿನವೇ ಅವರು ಬಂಧಿತರಾದರು. ಜನಸಂಘದ ವಾಜಪೇಯಿ ಮತ್ತು ಲಾಲ್‌ಕೃಷ್ಣ ಆಡ್ವಾಣಿ, ಸಮಾಜವಾದಿ ಮಧು ದಂಡವತೆ, ಸಂಸ್ಥಾ ಕಾಂಗ್ರೆಸ್ಸಿನ ಶ್ಯಾಮನಂದನ ಮಿಶ್ರ ಇವರೆಲ್ಲ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸಹವಾಸಿಗಳಾದರು. ನಾಲ್ಕು ವರ್ಷಗಳ ಹಿಂದೆ ಯಾರ ಯುದ್ಧನೇತೃತ್ವವನ್ನು ಬೆಂಬಲಿಸಿದ್ದರೋ ಅವರ ಸರ್ಕಾರವೇ ವಾಜಪೇಯಿಯವರನ್ನು ಸೆರೆಯಲ್ಲಿಟ್ಟಿತು.

ಒಂದೇ ವರ್ಷ, ಒಂದೇ ನಗರ, ಒಂದೇ ಸರ್ಕಾರ. ಪೀಣ್ಯದಲ್ಲಿ ನಡೆದುದು ಮೆಚ್ಚತಕ್ಕದ್ದು. ಸೆರೆಮನೆಯಲ್ಲಿ ನಡೆದುದು ಖಂಡಿಸತಕ್ಕದ್ದು. ಮೊದಲನೆಯದಕ್ಕಾಗಿ ಎರಡನೆಯದನ್ನು ಕ್ಷಮಿಸುವವನು ಕುರುಡು ಭಕ್ತ. ಎರಡನೆಯದಕ್ಕಾಗಿ ಮೊದಲನೆಯದನ್ನು ಅಲ್ಲಗಳೆಯುವವನು ಕುರುಡು ದ್ವೇಷಿ. ಇಬ್ಬರಿಗೂ ಕಣ್ಣಿಲ್ಲ. ಬಂಧಿತರು ಬಂದಿದ್ದ ಸಭೆಯ ವಿಷಯವೂ ಇಲ್ಲಿ ಸ್ಮರಣೀಯ. ಲಾಭಕ್ಕಾಗಿ ಪಕ್ಷ ಬದಲಿಸುವುದು ಪಕ್ಷಾಂತರ. ಪಕ್ಷದಲ್ಲಿದ್ದುಕೊಂಡೇ ಪರಪಕ್ಷದ ಗುಣವನ್ನು ಒಪ್ಪುವುದು ಪಕ್ಷಾಂತರವಲ್ಲ. ಅದಕ್ಕೆ ಯಾವ ಕಾನೂನಿನ ನಿಷೇಧವೂ ಬೇಕಿಲ್ಲ. ಮುಂದೆ ಆ ಕಾರಾಗೃಹವು ಇಲೆಕ್ಟ್ರಾನಿಕ್ ಸಿಟಿಯ ಸಮೀಪದ ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡಿತು. ಹಳೆಯ ಸೆರೆಮನೆಯ ಆವರಣವು ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ.

1977ರಲ್ಲಿ ಜನತಾ ಸರ್ಕಾರ ಬಂದಾಗ ವಾಜಪೇಯಿಯವರು ವಿದೇಶಾಂಗ ಸಚಿವರಾದರು. ಸಚಿವಾಲಯದ ಗೋಡೆಯ ಮೇಲಿದ್ದ ಜವಾಹರಲಾಲ್ ನೆಹರೂ ಅವರ ಭಾವಚಿತ್ರ ಕಾಣೆಯಾಗಿದ್ದುದನ್ನು ಅವರು ಗಮನಿಸಿ ವಿಚಾರಿಸಿದರು. ಚಿತ್ರ ಮರಳಿ ಗೋಡೆಗೇರಿತು. ನೆಹರೂ ಅವರ ಮಗಳ ಸರ್ಕಾರದಿಂದ ಸೆರೆವಾಸ ಅನುಭವಿಸಿದವರು ಹೀಗೆ ನಡೆದುಕೊಂಡರು. ನೆಹರೂ ಅವರ ನೀತಿಗಳನ್ನು, ವಿಶೇಷವಾಗಿ ಚೀನಾ ವಿಷಯದಲ್ಲಿ, ಅವರು ಕಟುವಾಗಿ ವಿರೋಧಿಸಿದ್ದರೆಂಬುದನ್ನೂ ನೆನೆಯಬೇಕು. 1962ರ ಅಕ್ಟೋಬರಿನಲ್ಲಿ ಚೀನಾದ ಆಕ್ರಮಣವಾದಾಗ ಕೂಡಲೇ ಸಂಸತ್ತನ್ನು ಕರೆಯಬೇಕೆಂದು ಒತ್ತಾಯಿಸಿದವರಲ್ಲಿ ವಾಜಪೇಯಿಯವರೂ ಒಬ್ಬರು. ನೆಹರೂ ಅದಕ್ಕೆ ಒಪ್ಪಿದರು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ನವೆಂಬರ್ 8ರಿಂದ, ಸಂಸತ್ತು ಸೇರಿ ಚರ್ಚಿಸಿತು. ವಿರೋಧಿಗಳು ಪ್ರಧಾನಿಯ ಎದುರಿನಲ್ಲಿಯೇ ಸರ್ಕಾರದ ಲೋಪಗಳನ್ನು ಎತ್ತಿ ಆಡಿದರು. ಪ್ರಶ್ನಿಸಿದವರ ಧೈರ್ಯ ಎಷ್ಟು ದೊಡ್ಡದೋ ಪ್ರಶ್ನೆಗಳಿಗೆ ಎದೆಯೊಡ್ಡಿದವರ ಸಹನೆಯೂ ಅಷ್ಟೇ ದೊಡ್ಡದು. 1964ರಲ್ಲಿ ನೆಹರೂ ನಿಧನರಾದಾಗ ವಾಜಪೇಯಿಯವರು ರಾಜ್ಯಸಭೆಯಲ್ಲಿ ಸಲ್ಲಿಸಿದ ಶ್ರದ್ಧಾಂಜಲಿಯು ಇಂದಿಗೂ ಜನಮನದಲ್ಲಿ ಉಳಿದಿದೆ. ಬದುಕಿದ್ದಾಗ ಎದುರಿಸಿದವನಿಗೆ ಮಾತ್ರ ಅಂತಹ ಶ್ರದ್ಧಾಂಜಲಿಯ ಅಧಿಕಾರವಿರುತ್ತದೆ.

ಯುದ್ಧದಲ್ಲಿ ಎದುರಾಳಿಯನ್ನು ಮೆಚ್ಚುವುದು ಸುಲಭ. ಅವನು ಶಾಂತಿಗೆ ಕೈಚಾಚಿದಾಗ ಮೆಚ್ಚುವುದು ಕಷ್ಟ. 1965ರ ಯುದ್ಧಕಾಲದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕರೆಗೆ ಇಡೀ ದೇಶ ಓಗೊಟ್ಟಿತು. ಅವರೇ 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಗೆದ್ದ ನೆಲವನ್ನು ಹಿಂದಿರುಗಿಸಲು ಒಪ್ಪಿದಾಗ ವಿರೋಧಪಕ್ಷಗಳು ಮಾತ್ರವಲ್ಲ, ಅವರ ಸಂಪುಟದಲ್ಲಿದ್ದ ಮಹಾವೀರ ತ್ಯಾಗಿಯವರೂ ಒಪ್ಪದೆ ರಾಜೀನಾಮೆಯಿತ್ತರು. 1972ರ ಸಿಮ್ಲಾ ಒಪ್ಪಂದವನ್ನು ಜನಸಂಘ ವಿರೋಧಿಸಿತು. ಆ ಜನಸಂಘದ ಹಿರಿಯರಾದ ವಾಜಪೇಯಿಯವರೇ ಪ್ರಧಾನಿಯಾಗಿ 1999ರ ಫೆಬ್ರವರಿಯಲ್ಲಿ ಬಸ್ಸಿನಲ್ಲಿ ಲಾಹೋರಿಗೆ ಹೋದರು. ಕೆಲವೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಸಂಭವಿಸಿ ಭಾರತದ 527 ಯೋಧರು ಪ್ರಾಣತೆತ್ತರು. ಆಗ ಲಾಹೋರಿನ ಯಾತ್ರೆ ಮುಗ್ಧತನವೆಂದು ಟೀಕೆಗೊಳಗಾಯಿತು. ಶಾಂತಿಯ ಯತ್ನ ವಿಫಲವಾದರೆ ಯತ್ನಿಸಿದವನನ್ನು ಹಳಿಯುತ್ತಾರೆ. ಯುದ್ಧದ ವೆಚ್ಚವನ್ನು ಯಾರ ಲೆಕ್ಕಕ್ಕೂ ಬರೆಯುವುದಿಲ್ಲ. ಒಪ್ಪಂದಗಳ ಗುಣದೋಷಗಳನ್ನು ವಿಮರ್ಶಿಸುವುದು ನಾಗರಿಕರ ಹಕ್ಕು. ಆದರೆ ಯುದ್ಧ ಹೂಡಿದವನ ಪಕ್ಷವನ್ನು ಮರೆತು ಹೊಗಳುವವರು ಸಂಧಾನಕ್ಕೆ ಹೊರಟವನ ಪಕ್ಷವನ್ನು ಮಾತ್ರ ನೆನೆದು ತೆಗಳಿದರೆ ಅದು ನ್ಯಾಯವಲ್ಲ.

ಮೆಚ್ಚುಗೆಗೂ ಮತಕ್ಕೂ ಇರುವ ಅಂತರವನ್ನು ಬ್ರಿಟನ್ನಿನ ಮತದಾರರು 1945ರಲ್ಲಿ ಜಗತ್ತಿಗೆ ತೋರಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕನ್ಸರ್ವೇಟಿವ್ ಪಕ್ಷದ ಚರ್ಚಿಲ್ ಪ್ರಧಾನಿ. ಲೇಬರ್ ಪಕ್ಷದ ಅಟ್ಲಿ ಅವರ ಸಂಪುಟದಲ್ಲಿ ಉಪಪ್ರಧಾನಿ. ಯುದ್ಧ ಮುಗಿಯುತ್ತ ಬಂದಾಗ ಚುನಾವಣೆ ನಡೆಯಿತು. ಪೋಟ್ಸ್‌ಡ್ಯಾಮ್ ಸಮ್ಮೇಳನಕ್ಕೆ ಹೊರಟ ಚರ್ಚಿಲ್ ತಮ್ಮ ಪ್ರತಿಸ್ಪರ್ಧಿಯನ್ನೂ ಜೊತೆಗೆ ಕರೆದೊಯ್ದರು. ಜುಲೈ 26ರಂದು ಫಲಿತಾಂಶ ಹೊರಬಿದ್ದಿತು. ಅದೇ ಸಮ್ಮೇಳನಕ್ಕೆ ಪ್ರಧಾನಿಯಾಗಿ ಮರಳಿದವರು ಅಟ್ಲಿ. ಯುದ್ಧನಾಯಕನನ್ನು ಮೆಚ್ಚಿದ ಜನರೇ ಶಾಂತಿಕಾಲದ ನಿರ್ಮಾಣಕ್ಕೆ ಬೇರೊಬ್ಬರನ್ನು ಆರಿಸಿದರು. ಅದು ಕೃತಘ್ನತೆಯಲ್ಲ, ವಿವೇಕ.

ಯುದ್ಧವು ಏನನ್ನು ಉಳಿಸುತ್ತದೆಂಬುದಕ್ಕೆ ಇಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ಒಂದು ಸಾಕ್ಷಿಯಿದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯದೆಂದು ಎಣಿಸಲಾದ ವೀರಗಲ್ಲೊಂದು ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಬೆಂಗಳೂರೆಂಬ ಹೆಸರಿನ ಅತಿ ಹಳೆಯ ಉಲ್ಲೇಖಗಳಲ್ಲಿ ಅದು ಪ್ರಸಿದ್ಧವಾದುದು. ಆ ಕಾಳಗದ ಎರಡು ಪಕ್ಷಗಳ ವಾದವಿವಾದಗಳು ಇಂದು ಯಾರ ನೆನಪಿನಲ್ಲಿಯೂ ಇಲ್ಲ. ಸತ್ತವನ ಹೆಸರು ಮಾತ್ರ ಕಲ್ಲಿನಲ್ಲಿ ಉಳಿದಿದೆ. ವೀರನಿಗೆ ಗೌರವ ಸಲ್ಲಬೇಕು. ಅದಕ್ಕಾಗಿ ಯುದ್ಧವನ್ನೇ ಹಂಬಲಿಸಬೇಕಾಗಿಲ್ಲ.

ಹಂಬಲಿಸಲು ಯೋಗ್ಯವಾದ ಕಾರ್ಯಗಳಿಗೆ ಕೊರತೆಯಿಲ್ಲ. ಚಂದ್ರಯಾನದ ಯೋಜನೆಯನ್ನು 2003ರ ಆಗಸ್ಟ್ 15ರಂದು ಪ್ರಕಟಿಸಿದವರು ಪ್ರಧಾನಿ ವಾಜಪೇಯಿ. 2008ರ ಅಕ್ಟೋಬರ್ 22ರಂದು ನೌಕೆ ಹಾರಿದಾಗ ಪ್ರಧಾನಿಯಾಗಿದ್ದವರು ಎದುರುಪಕ್ಷದ ಮನಮೋಹನ ಸಿಂಗ್. ಒಬ್ಬರು ಬಿತ್ತಿದುದನ್ನು ಇನ್ನೊಬ್ಬರು ಕಿತ್ತೆಸೆಯಲಿಲ್ಲ, ನೀರೆರೆದರು. ಆ ನೌಕೆಯನ್ನು ನಿಯಂತ್ರಿಸಿದ ಕೇಂದ್ರವಿರುವುದು, ಆರ್ಯಭಟ ಹುಟ್ಟಿದ ಅದೇ ಪೀಣ್ಯದಲ್ಲಿ.

ನಾಳೆಯ ಮತದಾರರಾಗುವ ವಿದ್ಯಾರ್ಥಿಗಳು ಒಂದು ಪಕ್ಷವನ್ನು ಸೇರಲಿ, ಸೇರದಿರಲಿ, ಈ ಅಳತೆಗೋಲನ್ನು ಕೈಯಲ್ಲಿಟ್ಟುಕೊಳ್ಳುವುದು ಒಳಿತು. ನಾಯಕನನ್ನಲ್ಲ, ಅವನ ಕಾರ್ಯವನ್ನು ತೂಗಬೇಕು; ಯುದ್ಧದಲ್ಲಿ ತೋರಿದ ಧೈರ್ಯದೊಡನೆ ಶಾಂತಿಯಲ್ಲಿ ತೋರಿದ ಧೈರ್ಯವನ್ನೂ ಎಣಿಸಬೇಕು; ಮೆಚ್ಚಿದ ಮೇಲೆಯೂ ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಡಬಾರದು. ಎದುರಾಳಿಯಲ್ಲಿ ಗುಣವನ್ನು ಕಾಣಲಾರದವನು ತನ್ನವರಲ್ಲಿ ದೋಷವನ್ನೂ ಕಾಣಲಾರ. ಇವೆರಡನ್ನೂ ಕಾಣಬಲ್ಲ ಪ್ರಜೆಗಳಿರುವ ನಾಡಿನಲ್ಲಿ ಪಕ್ಷಗಳು ಎಷ್ಟೇ ಹೋರಾಡಿದರೂ ದೇಶ ಒಡೆಯುವುದಿಲ್ಲ.