ದುಬೈನ ಕ್ರಿಸ್‌ಮಸ್ ಅರ್ಧ ಹಬ್ಬವಲ್ಲ

ಯುಎಇಯಲ್ಲಿ ಡಿಸೆಂಬರ್ 25 ಸರ್ಕಾರಿ ರಜೆಯಲ್ಲ. ವಿಮಾನದ ಟಿಕೆಟ್ ದರವೂ ಅದೇ ಹೊತ್ತಿಗೆ ಏರುತ್ತದೆ. ಹಾಗಾಗಿ ಹೊಸದಾಗಿ ಮದುವೆಯಾದ ಎಷ್ಟೋ ಮಂಗಳೂರು ಕೆಥೊಲಿಕ್ ಜೋಡಿಗಳ ಹಬ್ಬ ದುಬೈನ ಸಣ್ಣ ಫ್ಲ್ಯಾಟಿನಲ್ಲೇ. ಇದನ್ನು ಅರ್ಧ ಹಬ್ಬ ಎನ್ನುವುದು ಅನ್ಯಾಯ. ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳಿರುವುದೇ ಹಂಚಲಿಕ್ಕೆ, ಹಂಚಲು ಅಲ್ಲೂ ನೆರೆಹೊರೆಯಿದೆ. ಎಳ್ಳು, ಕೊಬ್ಬರಿಯ ಹೂರಣ ತುಂಬಿ ನೆವ್ರಿ ಮಡಚುವ, ಫೋರ್ಕಿನ ಬೆನ್ನಿನ ಮೇಲೆ ಹಿಟ್ಟು ಸುತ್ತಿ ಕಿಡಿಯೊ ಕರಿಯುವ ಕೆಲಸವನ್ನು ಊರಲ್ಲಿ ಹೆಚ್ಚಾಗಿ ಹೆಂಗಸರೇ ಹೊರುತ್ತಿದ್ದರು. ಇಬ್ಬರೇ ಇರುವ ಮನೆಯಲ್ಲಿ ಗಂಡನೂ ಕೈಹಾಕಲೇಬೇಕು. ಅದು ಒಳ್ಳೆಯದೇ.

ಊರಲ್ಲಿ ತಂದೆತಾಯಿ ಒಂಟಿಯಾಗುತ್ತಾರೆಂಬ ಆಕ್ಷೇಪ ನಿಜ, ವಿಡಿಯೊ ಕರೆ ಆ ಕೊರತೆ ತುಂಬದು. ಆದರೆ ಸಾಲ ಮಾಡಿ ಮೂರು ದಿನಕ್ಕೆ ಬಂದು ಓಡುವುದಕ್ಕಿಂತ, ಟಿಕೆಟ್ ಅಗ್ಗವಾದಾಗ ಬಂದು ಮೂರು ವಾರ ಜೊತೆಗಿರುವುದು ಲೇಸು. ಹಿರಿಯರೇ, ಈ ಸಲ ಬರಲಾಗದ ಮಕ್ಕಳನ್ನು ಚುಚ್ಚಬೇಡಿ. ನೆವ್ರಿಯ ಹದ ಹೇಳಿಕೊಡಿ.