ಬೆಂಗಳೂರಿಗೆ ಹೋದವರು ಸೊರಬಕ್ಕೆ ಯಾವಾಗ ಬರ್ತೀರಿ?

ಸೆಮಿಸ್ಟರಿನ ಕೊನೇ ಪೇಪರ್ ಮುಗಿದ ರಾತ್ರಿ ನಮ್ಮ ಕಡೆ ಹುಡುಗರಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರು ಬಸ್ಸಲ್ಲಿ ಇರ್ತಾರೆ. ನಮ್ಮ ಕಡೆ ಅಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ. ರೈಲೇ ಬೇಕು ಅನ್ನೋರು ಮೊದಲು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಬೇಕು. ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲಿನ ಸುದ್ದಿಯನ್ನು ನಾವು ಚಿಕ್ಕವರಿದ್ದಾಗಿನಿಂದ ಕೇಳುತ್ತಾ ಬಂದಿದ್ದೇವೆ, ಕೇಳುತ್ತಾ ಕೇಳುತ್ತಾ ಇಂಜಿನಿಯರಿಂಗಿಗೂ ಬಂದೆವು. ಹಾಗಾಗಿ ಬಸ್ಸೇ ಗತಿ. ಬ್ಯಾಗಲ್ಲಿ ಎರಡು ಜೊತೆ ಬಟ್ಟೆ, ಚಾರ್ಜರ್, ಅಮ್ಮ ತುರುಕಿದ ಚಕ್ಕುಲಿ ಡಬ್ಬ. ಅಲ್ಲಿ ಯಾರದ್ದೋ ಒಂದು ರೂಮು ಇದ್ದೇ ಇರುತ್ತೆ.

ಈ ಪ್ರವಾಸದ ವಿರುದ್ಧ ಬರೆಯೋಕೆ ನಾನು ಕೂತಿಲ್ಲ. ರಜೆಯಲ್ಲಿ ದೊಡ್ಡ ಊರು ನೋಡಬೇಕು, ಸ್ನೇಹಿತರನ್ನು ಕಾಣಬೇಕು, ಅದರಲ್ಲಿ ತಪ್ಪೇನಿದೆ? 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ನಮ್ಮ ಬೀದಿಯ ಅತ್ತೆ, ಚಿಕ್ಕಮ್ಮಂದಿರೂ ಆಧಾರ್ ಕಾರ್ಡ್ ಹಿಡಿದು ವೇಗದೂತ ಹತ್ತಿ ವಿಧಾನಸೌಧ ನೋಡಿ ಬಂದರು. ಐವತ್ತು ವರ್ಷ ದಾಟಿದವರು ಮೊದಲ ಸಲ ಮೆಟ್ರೋ ಎಸ್ಕಲೇಟರ್ ಮುಂದೆ ಸೀರೆ ನೆರಿಗೆ ಎತ್ತಿಕೊಂಡು, ಹತ್ತೋದೋ ಬೇಡವೋ ಅಂತ ನಿಲ್ಲುವುದಿದೆಯಲ್ಲ, ಅದೂ ಒಂದು ದೊಡ್ಡ ಸಂಗತಿಯೇ. ನನ್ನ ತಕರಾರು ಇರೋದು ನಾವು, ಅಂದರೆ ಓದುವ ಹುಡುಗರು ಹುಡುಗಿಯರು, ಬೆಂಗಳೂರನ್ನು ನೋಡುವ ರೀತಿ ಬಗ್ಗೆ.

ಮೊದಲು ರೂಮಿನಿಂದಲೇ ಶುರು ಮಾಡೋಣ. ನಮ್ಮ ಜೊತೆ ಹೈಸ್ಕೂಲ್ ಓದಿದವರಲ್ಲಿ ಒಬ್ಬ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಮುಂದೆ ನಿಂತಿದ್ದಾನೆ. ಇನ್ನೊಬ್ಬ ಮಾರತ್ತಹಳ್ಳಿ ಕಡೆ ರಾತ್ರಿ ಪಾಳಿ. ಮತ್ತೊಬ್ಬ ಹಗಲು ಕೋಚಿಂಗ್ ಕ್ಲಾಸಿಗೆ ಹೋಗಿ ಸಂಜೆಯಿಂದ ನಡುರಾತ್ರಿವರೆಗೆ ಬೈಕಿನಲ್ಲಿ ಊಟ ತಲುಪಿಸುತ್ತಾನೆ. ಊರಲ್ಲಿ ಅವನ ಅಪ್ಪ ಕೇಳಿದವರಿಗೆಲ್ಲ "ಮಗ ಕಂಪನೀಲಿ ಇದಾನೆ" ಅಂತಾರೆ. ಹೋದ ರಜೆಯಲ್ಲಿ ನಾವು ಮೂವರು ಇಳಿದುಕೊಂಡದ್ದು ಇವನ ಪಿಜಿಯಲ್ಲೇ. ಬಾಗಿಲು ತೆಗೆದವನೇ ಮೊದಲು ಹೇಳಿದ್ದು:

"ಓನರ್ ಕೇಳಿದ್ರೆ ನೀನು ನಮ್ಮ ದೊಡ್ಡಪ್ಪನ ಮಗ, ಇವರಿಬ್ರೂ ಇಂಟರ್‌ವ್ಯೂಗೆ ಬಂದೋರು. ಮಾತಾಡ್ಬೇಡಿ ಮಾರಾಯ್ರೆ, ತಲೆ ಆಡಿಸಿ ಸಾಕು."

ಯಾಕಂದರೆ ಹೊರಗಿನವರು ಮಲಗಿದರೆ ತಲೆಗೆ ಇಷ್ಟು ಅಂತ ದಿನದ ಲೆಕ್ಕ ಹಾಕ್ತಾರೆ. ಆ ದುಡ್ಡನ್ನು ಅವನೇ ಕೊಟ್ಟುಬಿಡುತ್ತಿದ್ದ, ನಮ್ಮ ಹತ್ತಿರ ಕೇಳುತ್ತಿರಲಿಲ್ಲ. ಹೋಟೆಲಲ್ಲಿ ಬಿಲ್ ಬಂದಾಗಲೂ ಅವನ ಕೈಯೇ ಮುಂದೆ. "ನೀವಿನ್ನೂ ಓದೋರು, ಇಡ್ರೋ" ಅನ್ನುವ ಮಾತು. ನಾಲ್ಕು ದಿನ ನಮ್ಮ ಜೊತೆ ತಿರುಗಿದ್ದರಿಂದ ತಪ್ಪಿದ ದುಡಿಮೆಯನ್ನು ನಾವು ಊರಿಗೆ ಹೊರಟ ಮೇಲೆ ಹಗಲೂ ರಾತ್ರಿ ಬೈಕ್ ಓಡಿಸಿ ತುಂಬಿಕೊಂಡ. ಇದನ್ನು ಅವನು ಹೇಳಲಿಲ್ಲ, ಅವನ ರೂಮ್‌ಮೇಟ್ ಹೇಳಿದ್ದು.

ನಮ್ಮೂರಿನ ಮರ್ಯಾದೆ ಅದು, ಗೊತ್ತು. ಮನೆಗೆ ಬಂದವರಿಗೆ ಖರ್ಚು ಮಾಡಿಸಬಾರದು. ಆದರೆ ಆ ಮರ್ಯಾದೆ ಹುಟ್ಟಿದ್ದು ಅಂಗಳ, ಕಣಜ, ಹಿತ್ತಲಲ್ಲಿ ಬಾಳೆ ಇದ್ದ ಮನೆಯಲ್ಲಿ. ಮೂರು ಮಂಚ ಹಾಕಿದ, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಮುಟ್ಟುವ ರೂಮಿಗೆ ಅದೇ ಮರ್ಯಾದೆಯನ್ನು ಹೊರಿಸೋದು ಹೋದವರ ಕಡೆಯಿಂದ ಅನ್ಯಾಯ. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ನೀರಿಗೆ ಜನ ಕಾದದ್ದನ್ನು ಟಿವಿಯಲ್ಲಿ ನೋಡಿದ್ದೀರಿ. ಅಂಥ ಊರಲ್ಲಿ ಅತಿಥಿಯ ಒಂದು ಬಕೆಟ್ ಸ್ನಾನಕ್ಕೂ ಬೆಲೆ ಇದೆ. ಹೋಗೋದಾದರೆ ಎರಡು ರಾತ್ರಿ ಸಾಕು. ಮನೆಯಿಂದ ಅಕ್ಕಿ, ಜೋನಿಬೆಲ್ಲ, ಮಿಡಿ ಉಪ್ಪಿನಕಾಯಿ ಹೊತ್ತುಕೊಂಡು ಹೋಗಿ. ಉಪ್ಪಿನಕಾಯಿ ಡಬ್ಬ ಕಂಡಾಗ ಆ ಹುಡುಗರ ಮುಖ ನೋಡಬೇಕು ನೀವು. ಖರ್ಚನ್ನು ಮೊದಲ ದಿನವೇ ಫೋನಿನ ಆ್ಯಪಲ್ಲಿ ಹಂಚಿಕೊಳ್ಳಿ, ಜಗಳ ಮಾಡಿಯಾದರೂ. ಸರ್ಕೀಟ್ ಲೆಕ್ಕ ಮಾಡೋಕೆ ಬರುವವರಿಗೆ ಇದು ಕಷ್ಟವಲ್ಲ.

ಇನ್ನು ನೋಡುವ ಜಾಗಗಳ ವಿಷಯ. ನಮ್ಮವರ ಪಟ್ಟಿ ಬಾಯಿಪಾಠ: ವಿಧಾನಸೌಧದ ಮುಂದೆ ಫೋಟೋ, ಲಾಲ್‌ಬಾಗು, ಒಂದು ಮಾಲು, ಕಮರ್ಷಿಯಲ್ ಸ್ಟ್ರೀಟು, ರಾತ್ರಿ ಚರ್ಚ್ ಸ್ಟ್ರೀಟು. ಮಾಲಿನಲ್ಲಿ ಏನೂ ಕೊಳ್ಳದೆ ನಾಲ್ಕು ಗಂಟೆ ಕಳೆಯುವ ಶಕ್ತಿಯನ್ನು ದೇವರು ನಮಗೆ ಎಲ್ಲಿಂದ ಕೊಟ್ಟನೋ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದರೆ ಮಾತ್ರ "ಅದು ಚಿಕ್ಕ ಮಕ್ಕಳದ್ದು" ಅಂತಾರೆ. ಥರ್ಮಲ್ ಪೇಪರನ್ನು ಎರಡು ಸಲ ಬರೆದವರೂ ಹಾಗೇ ಅಂತಾರೆ! ಇಂಜಿನುಗಳ ಹಾಲಿನಲ್ಲಿ ಅರ್ಧ ಗಂಟೆ ನಿಂತರೆ ಪುಸ್ತಕದ ಚಿತ್ರ ಕಣ್ಣೆದುರು ತಿರುಗಾಡಿದ ಹಾಗಾಗುತ್ತೆ. ಅದರ ಪಕ್ಕದಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು. ಅಲ್ಲಿ 10ನೇ ಶತಮಾನದ ಆತಕೂರು ಶಾಸನ ಇದೆ. ಕಾಳಿ ಅನ್ನುವ ನಾಯಿಯೊಂದು ಕಾಡುಹಂದಿ ಜೊತೆ ಹೋರಾಡಿ ಸತ್ತದ್ದಕ್ಕೆ ನಿಲ್ಲಿಸಿದ ಕಲ್ಲು ಅದು. ನಾಯಿಗೆ ವೀರಗಲ್ಲು! ರೀಲ್ಸ್ ಮಾಡುವವರಿಗೆ ಇದಕ್ಕಿಂತ ಒಳ್ಳೇ ಸರಕು ಯಾವ ಮಾಲಲ್ಲಿ ಸಿಗುತ್ತೆ?

ಶಿಕಾರಿಪುರದವರು ಬೆಂಗಳೂರಿಗೆ ಹೋಗಿ ನೋಡಲೇಬೇಕಾದ ಜಾಗ ಇನ್ನೊಂದಿದೆ. ಅದರ ಮುಂದೆಯೇ ನಾವು ಓಡಾಡ್ತೀವಿ. ಮೆಜೆಸ್ಟಿಕ್ಕಿನಿಂದ ನಡೆದು ಹೋಗುವಷ್ಟು ಹತ್ತಿರದ ಫ್ರೀಡಂ ಪಾರ್ಕ್. ಟಿವಿಯಲ್ಲಿ ಧರಣಿ, ಪ್ರತಿಭಟನೆ ಅಂತ ಕಾಣುವ ಅದೇ ಜಾಗ. 2008ರಲ್ಲಿ ಪಾರ್ಕ್ ಆಗುವ ಮುಂಚೆ ಅದು ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿದ್ದರು ಅನ್ನೋದನ್ನ ಎಲ್ಲರೂ ಹೇಳ್ತಾರೆ. ಆದರೆ ಅದಕ್ಕೂ ಮೂವತ್ತು ವರ್ಷ ಹಿಂದೆ ನಮ್ಮ ತಾಲ್ಲೂಕಿನ ಐದು ಜನರನ್ನು ಅದೇ ಜೈಲಿಗೆ ತಂದಿದ್ದರು.

ಈಸೂರು ಶಿಕಾರಿಪುರದಿಂದ ಅರ್ಧ ಗಂಟೆ ದಾರಿ. 1942ರಲ್ಲಿ 'ಭಾರತ ಬಿಟ್ಟು ತೊಲಗಿ' ಕರೆ ಬಂದಾಗ ಆ ಊರವರು ಕಂದಾಯ ಕೊಡಲ್ಲ ಅಂದರು, ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ತಮ್ಮದೇ ಸರ್ಕಾರ ಅಂತ ಸಾರಿ ಇಬ್ಬರು ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿಕೊಂಡರು. ಸೆಪ್ಟೆಂಬರಲ್ಲಿ ನಿಜವಾದ ಅಮಲ್ದಾರರು ಪೊಲೀಸರ ಜೊತೆ ಬಂದಾಗ ಘರ್ಷಣೆಯಾಯಿತು. ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸತ್ತರು. ಆಮೇಲೆ ಊರಿನ ಮೇಲೆ ದಾಳಿ ನಡೆಯಿತು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ, ಈ ಐವರನ್ನು ಬೆಂಗಳೂರಿನ ಆ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರೂ ಶಿಕಾರಿಪುರದಿಂದ ಬೆಂಗಳೂರಿಗೆ ಹೋದವರೇ. ವಾಪಸ್ ಬರಲಿಲ್ಲ.

ಎರಡು ಸಾವು ಒಂದು ಕಡೆ, ಐದು ಗಲ್ಲು ಇನ್ನೊಂದು ಕಡೆ. ಸರಿ ತಪ್ಪಿನ ಲೆಕ್ಕವನ್ನು ಯಾರು ಹೇಗೆ ಬೇಕಾದರೂ ಮಾಡಲಿ. ನಾನು ಕೇಳೋದು ಇಷ್ಟೇ: ಈಸೂರಿನ ಬಸ್ಸನ್ನು ದಿನಾ ನೋಡುವ ನಾವು ಆ ಪಾರ್ಕಿನೊಳಗೆ ಹತ್ತು ನಿಮಿಷ ಹೋಗಿ ಬರೋಕಾಗಲ್ವಾ? ಹೋದ ರಜೆಯಲ್ಲಿ ನಾವು ಹೋದೆವು. ಕಾವಲು ಗೋಪುರ, ಕೈದಿಗಳ ಬ್ಯಾರಕ್ಕು, ಹುಲ್ಲಿನ ಮೇಲೆ ಮಲಗಿದ್ದ ಕೆಲವರು, ಮರದ ಕೆಳಗೆ ಓದುತ್ತಿದ್ದ ಇಬ್ಬರು ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗಿಯರು. ಡೆಲಿವರಿ ಮಾಡುವ ನಮ್ಮ ಗೆಳೆಯ ಅದರ ಗೇಟಿನ ಮುಂದೆ ಎಷ್ಟೋ ಸಲ ಬೈಕ್ ನಿಲ್ಲಿಸಿದ್ದಾನಂತೆ. ಒಳಗೆ ಬಂದದ್ದು ಅವತ್ತೇ ಮೊದಲು. ಅವನ ಅಮ್ಮನ ತವರು ಈಸೂರಿನ ಪಕ್ಕದ ಹಳ್ಳಿ. ಬಹಳ ಹೊತ್ತು ಏನೂ ಮಾತಾಡಲಿಲ್ಲ ಅವನು. ಆಮೇಲೆ ಫೋನ್ ತೆಗೆದು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ.

ಬೆಂಗಳೂರಿನ ಸ್ನೇಹಿತರು, ಅಂದರೆ ಅಲ್ಲೇ ಹುಟ್ಟಿ ನಮ್ಮ ಕಾಲೇಜಿಗೆ ಬಂದವರು, ಒಂದು ಪ್ರಶ್ನೆ ಕೇಳ್ತಾರೆ: "ನಿಮ್ಮೂರಲ್ಲಿ ನೋಡೋಕೆ ಏನಿದೆ?" ನಮ್ಮವರ ಉತ್ತರ ರೆಡಿ: "ಏನಿಲ್ಲ, ಜೋಗ ಹತ್ತಿರ." ಜೋಗ ಇರೋದು ಸಾಗರ ತಾಲ್ಲೂಕಲ್ಲಿ ಸ್ವಾಮಿ! ಪಕ್ಕದ ಮನೆಯ ಮದುವೆಗೆ ನಮ್ಮ ಮನೆ ಚಪ್ಪರ ಅಂದ ಹಾಗಾಯಿತು.

ದೊಡ್ಡ ಪಟ್ಟಣಕ್ಕೆ ಹೋಗುವ ನಮ್ಮ ಚಾಳಿಯನ್ನೇ ತಗೊಳ್ಳಿ. ಅದರ ಹಳೇ ದಾಖಲೆ ಶಿರಾಳಕೊಪ್ಪದ ಹತ್ತಿರ ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಕಂಬದ ಮೇಲಿದೆ. 5ನೇ ಶತಮಾನದಲ್ಲಿ ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ಬರೆದ ಶಾಸನ. ಅದರ ಪ್ರಕಾರ ಮಯೂರಶರ್ಮ ಅಜ್ಜ ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಪಲ್ಲವರ ಕಂಚಿಗೆ ಹೋಗುತ್ತಾನೆ. ಅಲ್ಲಿ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತೆ, ಅವಮಾನವಾಗುತ್ತೆ. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಹೊರಟವನು ಕದಂಬ ರಾಜ್ಯವನ್ನೇ ಕಟ್ಟಿದ. ಬೆಂಗಳೂರಿನ ಪಿಜಿ ಓನರ್ ಬೈದರು ಅಂತ ಯಾರೂ ರಾಜ್ಯ ಕಟ್ಟಬೇಕಿಲ್ಲ ಬಿಡಿ. ಆದರೆ ಓದೋಕೆ ಊರು ಬಿಟ್ಟ ಹುಡುಗನ ಕಥೆಯನ್ನು ಸುಮಾರು ಸಾವಿರದ ಐನೂರು ವರ್ಷದ ಹಿಂದೆಯೇ ಕಲ್ಲಿಗೆ ಕೊರೆದ ಊರು ನಮ್ಮ ಪಕ್ಕದಲ್ಲಿದೆ. ಅಲ್ಲೇ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆಯವರು ಕ್ರಿ.ಶ. 370ರದ್ದು ಅಂದಿದ್ದಾರೆ. ಹಾಗಾದರೆ ಹಲ್ಮಿಡಿಗಿಂತ ಹಳೆಯ ಕನ್ನಡ ಅಲ್ಲಿದೆ. ಕನ್ನಡ ಸಂಘದವರು ನವೆಂಬರಿನಲ್ಲಿ ಡಿಜೆಗೆ ಸುರಿಯುವ ದುಡ್ಡಲ್ಲಿ ಒಂದು ಬಸ್ ಮಾಡಿ ಅಲ್ಲಿಗೆ ಹೋಗಬಹುದು. (ಅಧ್ಯಕ್ಷರು ಬೇಜಾರು ಮಾಡ್ಕೋಬಾರದು.)

ತಾಳಗುಂದದಿಂದ ಬಳ್ಳಿಗಾವಿ ಹತ್ತಿರ. ಅಲ್ಲಮಪ್ರಭುವಿನ ಊರು. ಕೇದಾರೇಶ್ವರ, ತ್ರಿಪುರಾಂತಕ ದೇವಸ್ಥಾನಗಳು ಇಲ್ಲಿವೆ. ಮನುಷ್ಯನ ಮೈಗೆ ಹಕ್ಕಿಯ ಎರಡು ತಲೆ ಇರುವ ಭೇರುಂಡೇಶ್ವರನ ಕಂಬ 1047ರದ್ದು. ನಾವು ಬೆಂಗಳೂರಿಗೆ ಹತ್ತುವ ಕೆಂಪು ಬಸ್ಸಿನ ಮೇಲೂ, ಸರ್ಕಾರದ ಲಾಂಛನದಲ್ಲೂ ಇರುವ ಗಂಡಭೇರುಂಡ ಇಲ್ಲಿ ಒಂದು ಬಯಲಲ್ಲಿ ಎತ್ತರಕ್ಕೆ ನಿಂತಿದೆ. ಇಲ್ಲಿನ ಕೋಡಿಮಠದ 1162ರ ಶಾಸನ ಓದಿದರೆ ಅದೊಂದು ದೊಡ್ಡ ಕ್ಯಾಂಪಸ್ ಅನ್ನಿಸುತ್ತೆ. ವ್ಯಾಕರಣ, ತರ್ಕ, ವೇದಗಳ ಪಾಠ, ದಿಕ್ಕಿಲ್ಲದವರಿಗೆ ಊಟ, ರೋಗಿಗಳಿಗೆ ಔಷಧಿ. ಗೆಸ್ಟ್ ಚಾರ್ಜಿನ ಪ್ರಸ್ತಾಪ ಕಾಣಲಿಲ್ಲ.

ಅಕ್ಕಮಹಾದೇವಿಯ ಉಡುತಡಿ, ಬಂದಳಿಕೆಯ ಬಸದಿ, ಆನವಟ್ಟಿ ಪಕ್ಕ ಕುಬಟೂರಿನ ಕೈಟಭೇಶ್ವರ, ಚಂದ್ರಗುತ್ತಿ ಬೆಟ್ಟ, ಇವೆಲ್ಲ ಒಂದೊಂದು ಮಧ್ಯಾಹ್ನದ ದಾರಿ. ಬಂದಳಿಕೆಯಲ್ಲಿ ಒಂದು ಸಂಜೆ ಇದ್ದರೆ ನಮ್ಮನ್ನು ಬಿಟ್ಟು ಒಂದು ಹಸು ಸಿಕ್ಕರೆ ಹೆಚ್ಚು. ರಾಷ್ಟ್ರಕೂಟರ ಕಾಲದಲ್ಲಿ ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಅನ್ನುವ ಹೆಂಗಸು ನಾಗರಖಂಡ ಎಪ್ಪತ್ತನ್ನು ಆಳಿದ್ದು ಈ ಸೀಮೆಯಲ್ಲೇ.

ಕಷ್ಟಗಳೂ ಇವೆ, ಸುಳ್ಳು ಹೇಳಲ್ಲ. ಬಸ್ಸು ಕಮ್ಮಿ, ಸಂಜೆಯ ಬಸ್ಸು ತಪ್ಪಿದರೆ ಯಾರದಾದರೂ ಟಾಟಾ ಏಸ್ ಹಿಂದೆ ಕೂರಬೇಕು. ಶಾಸನದ ಪಕ್ಕ ನಿಂತು ವಿವರಿಸುವವರು ಸಿಗೋದು ಅಪರೂಪ. ಲಾಲ್‌ಬಾಗಿನ ಹಾಗೆ ಬಾಗಿಲಲ್ಲೇ ಮಾವಿನಕಾಯಿ ಉಪ್ಪು ಖಾರ ಹಚ್ಚಿ ಕೊಡುವವರಿಲ್ಲ. ಆದರೆ ವಿವರಿಸುವ ಕೆಲಸವನ್ನು ನಾವೇ ಯಾಕೆ ಮಾಡಬಾರದು? ಪ್ರಾಜೆಕ್ಟ್ ಎಕ್ಸ್‌ಪೋಗೆ ಅಂತ ಯಾರಿಗೂ ಬೇಡದ ಆ್ಯಪ್ ಮಾಡ್ತೀವಲ್ಲ, ಅದರ ಬದಲು ತಾಳಗುಂದದ ಕಂಬದ ಮುಂದೆ ಫೋನ್ ಹಿಡಿದರೆ ಕನ್ನಡದಲ್ಲಿ ಅರ್ಥ ಹೇಳುವ ಒಂದು ಆಡಿಯೋ ಮಾಡಿದರೆ ಸಾಕು. ಅಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳಬೇಡಿ, ಆಫ್‌ಲೈನಲ್ಲಿ ಓಡೋ ಹಾಗಿರಲಿ.

ಪೀಣ್ಯದವನು, ಮಾರತ್ತಹಳ್ಳಿಯವನು, ಡೆಲಿವರಿಯವನು ಮೂವರೂ ದೀಪಾವಳಿಗೆ ಊರಿಗೆ ಬರ್ತಿದ್ದಾರೆ. ಖಾಸಗಿ ಬಸ್ಸಿನವರು ಆ ವಾರ ಟಿಕೆಟನ್ನು ಎಷ್ಟಕ್ಕೆ ಏರಿಸ್ತಾರೋ ಅನ್ನುವ ಭಯದಲ್ಲಿ ಈಗಲೇ ಸರ್ಕಾರಿ ಬಸ್ಸಲ್ಲಿ ಸೀಟು ಮಾಡಿಸಿದ್ದಾರೆ. ಅವರ ಜೊತೆ ರೂಮ್‌ಮೇಟ್ ಒಬ್ಬ ಬರ್ತಾನಂತೆ, ಹುಟ್ಟಿದ್ದು ಬೆಳೆದದ್ದು ರಾಜಾಜಿನಗರ. ಈ ಸಲ ನಾವು ಕರೆದುಕೊಂಡು ಹೋಗೋರು: ಒಂದು ದಿನ ತಾಳಗುಂದ, ಬಳ್ಳಿಗಾವಿ, ಇನ್ನೊಂದು ದಿನ ಬೆಳಿಗ್ಗೆ ಬೇಗ ಎದ್ದು ಗುಡವಿ ಪಕ್ಷಿಧಾಮ. ಮಳೆಗಾಲ ಕಳೆದು ಕೆರೆ ತುಂಬಿರೋದರಿಂದ ಹಕ್ಕಿ ಇನ್ನೂ ಇರ್ತವೆ. ಎರಡು ಬೈಕ್ ಇದೆ, ಮೂರನೇದು ಬೇಕು. ಸೊರಬ ಕಡೆಯವರು ಯಾರಾದರೂ ಬರೋದಿದ್ದರೆ ಹಾಸ್ಟೆಲಿನಲ್ಲಿ ನನ್ನ ಹತ್ತಿರ ಹೇಳಿ, ಪೆಟ್ರೋಲ್ ಖರ್ಚನ್ನು ಆ್ಯಪಲ್ಲೇ ಹಂಚಿಕೊಳ್ಳೋಣ.