ಸೆಪ್ಟೆಂಬರ್ 17ಕ್ಕೇ ನಿಲ್ಲುವ ಚರಿತ್ರೆ

ಪ್ರತಿವರ್ಷ ಸೆಪ್ಟೆಂಬರ್ 17ರಂದು ನಮ್ಮ ಹುಲಸೂರಿನಲ್ಲಿ ಧ್ವಜ ಏರುತ್ತದೆ, ಭಾಷಣ ನಡೆಯುತ್ತದೆ. 1948ರಲ್ಲಿ ನಿಜಾಮ ಶರಣಾದ, ರಜಾಕಾರರ ಹಾವಳಿ ಅಡಗಿತು, ನಾವು ಭಾರತಕ್ಕೆ ಸೇರಿದೆವು. ಇದರಲ್ಲಿ ಸುಳ್ಳಿಲ್ಲ. ಹತ್ತಿರದ ಗೋರ್ಟಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಯಾರೂ ಅಲ್ಲಗಳೆಯಲಾರರು. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಅನಾವರಣಗೊಂಡಿತು. ಆಗಲೇಬೇಕಿತ್ತು. ನನ್ನ ತಕರಾರು ಇಷ್ಟೇ: ಭಾಷಣ 17ಕ್ಕೇ ಏಕೆ ನಿಲ್ಲುತ್ತದೆ?

18ರ ನಂತರ ಏನಾಯಿತೆಂದು ತಿಳಿಯಲು ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರ ಸಮಿತಿಯನ್ನು ಕಳಿಸಿತ್ತು. ಅದು ಆ ವರ್ಷದ ಕೊನೆಯಲ್ಲಿ ಸಂಸ್ಥಾನದ ಜಿಲ್ಲೆಗಳನ್ನು ಸುತ್ತಿತು. ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ಅಂದಾಜಿಸಿತು. ಸತ್ತವರಲ್ಲಿ ಬಹುತೇಕರು ಮುಸ್ಲಿಮರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಒಂದು. ರಜಾಕಾರರ ಕ್ರೌರ್ಯವನ್ನೂ ಆ ವರದಿ ಮುಚ್ಚಿಡಲಿಲ್ಲ. ಪ್ರಾಣ ಪಣಕ್ಕಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಮರೆಯಲಿಲ್ಲ. ಆದರೂ ದಶಕಗಳ ಕಾಲ ಸರ್ಕಾರ ಅದನ್ನು ಪ್ರಕಟಿಸಲಿಲ್ಲ.

ಇಲ್ಲಿ ನನಗೆ ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ನೆನಪಾಗುತ್ತಾನೆ. ಅಮೆರಿಕದಲ್ಲಿ ತನ್ನವರೇ ಮೂಲನಿವಾಸಿಗಳನ್ನು ಕೊಂದ ಬಗೆಯನ್ನು ಬರೆದು 1552ರಲ್ಲಿ ಸೆವಿಲ್ಲೆಯಲ್ಲಿ ಅಚ್ಚು ಹಾಕಿಸಿದ. ಸ್ಪೇನಿನ ವೈರಿಗಳಾದ ಡಚ್ಚರೂ ಇಂಗ್ಲಿಷರೂ ಆ ಪುಸ್ತಕವನ್ನು ಅನುವಾದಿಸಿ ಅಸ್ತ್ರ ಮಾಡಿಕೊಂಡರು, ನಿಜ. ಹಾಗೆಂದು ಅವನು ಬರೆದದ್ದು ಸುಳ್ಳಾಗಲಿಲ್ಲ. ಆ ದಾಳಿಯೂ ಹೈದರಾಬಾದಿನ ಕಾರ್ಯಾಚರಣೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅದು ಪರರ ನೆಲದ ಲೂಟಿ. ಇಲ್ಲಿ ಜನರೇ ವಿಲೀನಕ್ಕಾಗಿ ಹೋರಾಡಿದ್ದರು. ಒಂದೇ ಆಗಿರುವುದು ಗೆದ್ದ ಕಡೆಯವರ ಭಯ: ನಮ್ಮ ತಪ್ಪು ಬರೆದರೆ ವೈರಿಗೆ ಅನುಕೂಲವಾದೀತು ಎಂಬ ಭಯ.

ಬರೆಯಲು ಹೆದರಿದವರು ಹೆಸರು ಬದಲಿಸುತ್ತಾರೆ. ಕೊಲಂಬಸ್ ಬಂದಿಳಿದ ಅಕ್ಟೋಬರ್ 12 ಸ್ಪೇನಿಗೆ ರಾಷ್ಟ್ರೀಯ ಹಬ್ಬ. ವೆನೆಜುವೆಲಾಗೆ 2002ರಿಂದ ಮೂಲನಿವಾಸಿಗಳ ಪ್ರತಿರೋಧದ ದಿನ. ನಮ್ಮ ವಿಮೋಚನಾ ದಿನ 2019ರಲ್ಲಿ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ತೆಲಂಗಾಣದಲ್ಲಿ ಅದೇ ದಿನ 2022ರಲ್ಲಿ ಐಕ್ಯತಾ ದಿನ, 2024ರಲ್ಲಿ ಪ್ರಜಾಪಾಲನಾ ದಿನ. ಸರ್ಕಾರ ಬದಲಾದಂತೆ ಫಲಕ ಬದಲಾಗುತ್ತದೆ. 18ರ ನಂತರ ಸತ್ತವರಿಗೆ ಯಾವ ಫಲಕದಲ್ಲೂ ಜಾಗವಿಲ್ಲ.

'ಹಳೆಯ ಗಾಯ ಕೆದಕಬೇಡಿ' ಎನ್ನುವವರಿಗೆ ಒಂದು ಮಾತು. ಗೋರ್ಟಾದ ಗಾಯವನ್ನು ವರ್ಷವರ್ಷ ನೆನೆಯುವುದು ಕೆದಕುವುದಲ್ಲವಾದರೆ, ಪಕ್ಕದ ಓಣಿಯ ಗಾಯವನ್ನು ನೆನೆಯುವುದೂ ಅಲ್ಲ. ಸುಂದರಲಾಲ್ ವರದಿಯನ್ನು ನಮ್ಮ ಕಾಲೇಜುಗಳಲ್ಲಿ ಕನ್ನಡದಲ್ಲೇ ಓದಿಸಲಿ. ಆ ದಿನಗಳನ್ನು ಕಂಡ ಹಿರಿಯರಲ್ಲಿ ಉಳಿದವರು ಬೆರಳೆಣಿಕೆಯಷ್ಟು. ವಿದ್ಯಾರ್ಥಿಗಳು ಎರಡೂ ಓಣಿಗಳಿಗೆ ಹೋಗಿ ಅವರ ಮಾತನ್ನು ಬರೆದುಕೊಳ್ಳಲಿ. ಮುಂದಿನ ಸೆಪ್ಟೆಂಬರಿನವರೆಗೆ ಕಾಯುವುದು ಬೇಡ.